ಕಿಲ್ಕೆನ್ನಿಗೆ ಮುಗಿಯುವ ಮಾವನ ರೈಲು

ಶನಿವಾರ, ಮಾರ್ಚ್ ಏಳು. ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಬರೆಯಲು ಕೂತಿದ್ದೇನೆ. ಸ್ಥಳ: ವಾಟರ್‌ಫರ್ಡ್, ನನ್ನ ಬಾಡಿಗೆ ಮನೆಯ ಅಡುಗೆಮನೆ. ಈಗಷ್ಟೇ ಮಾವನ ಫೋನ್ ಬಂದಿತ್ತು. ಪಿಸುಗುಟ್ಟುತ್ತಾ ನನಗೊಂದು ಕೆಲಸ ಒಪ್ಪಿಸಿ ಇಟ್ಟುಬಿಟ್ಟರು. ಏನು ಕೆಲಸ ಎಂದು ಈಗಲೇ ಹೇಳಿದರೆ ನೀವು ನಗುತ್ತೀರಿ. ಮೊದಲು ಮಾವ ಎಂಥವರು ಎಂದು ಹೇಳಿಬಿಡುತ್ತೇನೆ. ಆಮೇಲೆ ನಕ್ಕರೆ ಅದು ತಿಳಿದು ನಕ್ಕಂತಾಗುತ್ತದೆ.

ಇಡೀ ಐರ್ಲೆಂಡಿನಲ್ಲಿ ಕಾರು ಓಡಿಸುವುದನ್ನು ಕಲಿಯಲು ವಾರವಾರವೂ ನೂರು ಕಿಲೋಮೀಟರಿಗೂ ಹೆಚ್ಚು ರೈಲಿನಲ್ಲಿ ಹೋಗಿ ಬಂದ ಮನುಷ್ಯ ಯಾರಾದರೂ ಇದ್ದರೆ ಅದು ನಮ್ಮ ಮಾವ ಒಬ್ಬರೇ. ಇನ್ನೊಬ್ಬರು ಇದ್ದಾರೆ ಎಂದು ನೀವು ಹೇಳಿದರೆ ನಾನು ನಂಬುವುದಿಲ್ಲ. ಅಷ್ಟು ಜನರನ್ನು ಈ ಪುಟ್ಟ ದೇಶ ತಡೆದುಕೊಳ್ಳಲಾರದು!

ಮಾವ ಎಂದರೆ ನನ್ನ ಅಮ್ಮನ ತಮ್ಮ. ಮೈಸೂರಿನವರು, ಸಾಫ್ಟ್‌ವೇರ್ ಕೆಲಸ. ವರ್ಕ್ ಪರ್ಮಿಟ್ ಹಿಡಿದು ಬಂದು ಡಬ್ಲಿನ್ ಪಕ್ಕದ ಲೂಕನ್‌ನಲ್ಲಿ ನೆಲೆಸಿದವರು. ಲೂಕನ್ ಅಂದರೆ ಒಂದಕ್ಕೊಂದು ಪಕ್ಕೆ ಅಂಟಿಸಿಕೊಂಡ ಜೋಡಿಮನೆಗಳ ಸಾಲು, ಪ್ರತಿ ಮನೆಯ ಮುಂದೊಂದು ಕಾರು. ಮಾವನ ಮನೆಯ ಮುಂದೆಯೂ ಕಾರಿತ್ತು. ಆದರೆ ಅದನ್ನು ಓಡಿಸುತ್ತಿದ್ದವರು ಅತ್ತೆ. ಏರ್‌ಪೋರ್ಟಿಗೆ ಹೋಗಲಿ, ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಲಿ, ಅತ್ತೆ ಸ್ಟಿಯರಿಂಗ್ ಹಿಡಿದರೆ ಮಾವ ಪಕ್ಕದಲ್ಲಿ ಕೂತು ಮಡಿಲಲ್ಲಿ ಹುಳಿಯ ಪಾತ್ರೆ ಹಿಡಿಯುತ್ತಿದ್ದರು. ಹದಿಮೂರು ವರ್ಷದಲ್ಲಿ ಒಂದು ಹನಿ ಹುಳಿಯೂ ಚೆಲ್ಲಿಲ್ಲ ಎಂಬುದು ಅವರ ಹೆಮ್ಮೆ. ನೀವ್ಯಾಕೆ ಕಾರು ಓಡಿಸುವುದಿಲ್ಲ ಎಂದು ಯಾರಾದರೂ ಕೇಳಿದರೆ ಅವರ ಉತ್ತರ ಸಿದ್ಧವಾಗಿರುತ್ತಿತ್ತು.

"ಹಳಿ ಇಲ್ಲದ ಕಡೆ ಹೇಗ್ರೀ ಓಡ್ಸೋದು? ಎಲ್ಲಿಗೆ ಬೇಕಾದ್ರೂ ತಿರುಗಿಸ್ಬಹುದು ಅಂದ್ರೆ ನಂಗೆ ಭಯ ಆಗತ್ತೆ."

ಹಳಿ ಇದ್ದರೆ ಮಾತ್ರ ಮಾವನಿಗೆ ಭಯವಿಲ್ಲ. ಅದರಲ್ಲೂ ಡಬ್ಲಿನ್‌ನಿಂದ ಕಾರ್ಲೋ, ಕಿಲ್ಕೆನ್ನಿ ದಾಟಿ ವಾಟರ್‌ಫರ್ಡಿಗೆ ಬರುವ ಹಳಿಯ ಮೇಲೆ ಅವರಿಗಿರುವ ಪ್ರೀತಿಯನ್ನು ನೋಡಿದರೆ, ಅವರ ಮುತ್ತಜ್ಜನೇ ಅದಕ್ಕೆ ಜಲ್ಲಿ ಹೊತ್ತು ಹಾಕಿದ್ದನೇನೋ ಅನ್ನಿಸಬೇಕು. ನಾನು ಎಂಎಸ್ ಓದಲು ವಾಟರ್‌ಫರ್ಡಿಗೆ ಬಂದ ಮೇಲಂತೂ ಅವರಿಗೆ ನೆಪವೂ ಸಿಕ್ಕಿತು. ಹುಡುಗಿ ಊಟಕ್ಕೇನು ಮಾಡುತ್ತಾಳೋ ಎಂದು ಅತ್ತೆ ಮತ್ತು ಮಗಳನ್ನು ಕಟ್ಟಿಕೊಂಡು, ಚಟ್ನಿಪುಡಿ, ಚಕ್ಕುಲಿ ಹೊತ್ತು, ತಿಂಗಳಿಗೆರಡು ಸಲ ರೈಲು ಹತ್ತುತ್ತಿದ್ದರು. ನನಗೆ ಎಲ್ಲವನ್ನೂ ತಾರೀಖು ಹಾಕಿ ಬರೆದಿಡುವ ಚಟ. ನಾನು ಓದಿದ ಎರಡು ವರ್ಷದಲ್ಲಿ ಮಾವ ನಲವತ್ತೊಂದು ಸಲ ಬಂದಿದ್ದಾರೆ. ಚಟ್ನಿಪುಡಿ ಮರೆತು ಬಂದದ್ದು ಆರು ಸಲ. ರೈಲನ್ನು ಮರೆತದ್ದು ಒಂದು ಸಲವೂ ಇಲ್ಲ!

ಅವರು ರೈಲಿನಲ್ಲಿ ಸೀಟು ಹಿಡಿಯುವುದನ್ನು ನೀವು ನೋಡಬೇಕು. ಡಬ್ಲಿನ್‌ನ ಹ್ಯೂಸ್ಟನ್ ಸ್ಟೇಷನ್‌ನಲ್ಲಿ ಗೇಟು ತೆಗೆದ ಕೂಡಲೇ ಮಾವ ಎಲ್ಲರಿಗಿಂತ ಮುಂದೆ ದಾಪುಗಾಲು ಹಾಕುತ್ತಾರೆ. ಕೈಯಲ್ಲಿ ಇಸ್ತ್ರಿ ಮಾಡಿದ ನಾಲ್ಕು ಕರ್ಚೀಫು. ನಡುವೆ ಮೇಜಿರುವ, ಎದುರುಬದುರು ನಾಲ್ಕು ಸೀಟುಗಳ ಜಾಗ ಹುಡುಕಿ ಸೀಟಿಗೊಂದರಂತೆ ಹಾಸಿಬಿಡುತ್ತಾರೆ. ಮೈಸೂರಿನ ಸಿಟಿ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಕರ್ಚೀಫು ಎಸೆದು ಬೆಳೆದ ಕೈ ಅದು. ಇಲ್ಲಿ ಕಿಟಕಿ ತೆಗೆಯಲು ಬರುವುದಿಲ್ಲ ಎಂಬುದೊಂದೇ ಅವರಿಗಿರುವ ಕೊರಗು. ಸೀಟು ಕಾಯ್ದಿರಿಸಿದವರ ಹೆಸರು ಸೀಟಿನ ಮೇಲೆ ದೀಪದಲ್ಲಿ ಮೂಡುತ್ತದೆ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಒಂದು ಸಲ ಬಿಳಿಕೂದಲಿನ ಐರಿಷ್ ಅಜ್ಜಿಯೊಬ್ಬರು ಬಂದು ದೀಪದ ಹೆಸರನ್ನೂ ಕರ್ಚೀಫನ್ನೂ ನೋಡಿ ಗೊಂದಲದಿಂದ ನಿಂತರು.

"ಮೇಡಂ, ನಿಮ್ಮ ಹೆಸರು ಬರೀ ಬೆಳಕು," ಎಂದರು ಮಾವ ಇಂಗ್ಲಿಷಿನಲ್ಲಿ, ತುಂಬಾ ವಿನಯದಿಂದ. "ನಂದು ಬಟ್ಟೆ."

ಅಜ್ಜಿ ಬಿದ್ದುಬಿದ್ದು ನಕ್ಕು, ಅವರ ಸೀಟನ್ನು ಅವರೇ ಬಿಟ್ಟುಕೊಟ್ಟು ಪಕ್ಕದಲ್ಲಿ ಕೂತರು. ಮಾವನಿಂದ ಚಿತ್ರಾನ್ನವನ್ನೂ ಇಸಿದುಕೊಂಡು ತಿಂದರು. ಆದರೆ ಚಿತ್ರಾನ್ನದ ಹಿಂದೆಯೇ ಹಳಿಯ ಚರಿತ್ರೆಯೂ ಬರುತ್ತದೆ ಎಂದು ಅವರಿಗೆ ಹೇಗೆ ಗೊತ್ತಿರಬೇಕು? ಅವರಿಗೆ ವಾಟರ್‌ಫರ್ಡಿನ ಟಿಕೆಟ್ ಇತ್ತು. ಆದರೂ ಕಾರ್ಲೋ ಬರುತ್ತಲೇ ಎದ್ದು ಹಿಂದಿನ ಬೋಗಿಗೆ ಹೋಗಿಬಿಟ್ಟರು.

ಆ ಚರಿತ್ರೆ ಶುರುವಾಗುವ ಜಾಗವೂ ಗೊತ್ತುಮಾಡಿದ್ದೇ. ಕಿಲ್ಡೇರ್ ದಾಟಿ ಸ್ವಲ್ಪ ದೂರಕ್ಕೆ ಚೆರಿವಿಲ್ ಎಂಬಲ್ಲಿ ನಮ್ಮ ಹಳಿ ಕಾರ್ಕ್ ಊರಿನ ದೊಡ್ಡ ಹಳಿಯಿಂದ ಕವಲೊಡೆಯುತ್ತದೆ. ಅಲ್ಲಿ ರೈಲು ತುಸು ವಾಲಿದ ಕೂಡಲೇ ಮಾವ ಗಂಟಲು ಸರಿಮಾಡಿಕೊಂಡು "ಚೆರಿವಿಲ್ ಬಂತು. ಇಲ್ಲಿಂದ ನಮ್ದು," ಎನ್ನುತ್ತಾರೆ. ಅಲ್ಲಿಂದ ಮುಂದೆ ಅಥೈ, ಬ್ಯಾರೋ ನದಿ, ನದಿಯ ಪಕ್ಕದ ದೋಣಿ ಕಾಲುವೆ, ಆ ದೋಣಿಯವರ ಹೊಟ್ಟೆಗೆ ರೈಲು ಹೇಗೆ ಹೊಡೆಯಿತು, ಕಾರ್ಲೋಗೆ ಹಳಿ ಹೇಗೆ ಬಂತು, ಬ್ಯಾಗೆನಲ್ಸ್‌ಟೌನ್‌ನಂಥ ಚಿಕ್ಕ ಊರಿಗೆ ಅಷ್ಟು ಚೆಂದದ ಕಲ್ಲಿನ ಸ್ಟೇಷನ್ ಯಾಕೆ, ಅಲ್ಲಿಂದ ಹೊರಟಿದ್ದ ಇನ್ನೊಂದು ಕವಲು ಹೇಗೆ ಹುಲ್ಲು ಪಾಲಾಯಿತು, ಯಾವ ರೈಲು ಯಾವ ಸ್ಟೇಷನ್ನಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ, ಯಾಕೆ ನಿಲ್ಲುತ್ತದೆ, ನಿಲ್ಲದಿದ್ದರೆ ಏನಾಗುತ್ತಿತ್ತು... ಒಂದೇ ಏರಿಳಿತ, ಒಂದೇ ದನಿ. ಅಡುಗೆಮನೆಯಲ್ಲಿ ನಲ್ಲಿ ಸಣ್ಣಗೆ ಬಿಟ್ಟು ಮರೆತ ಹಾಗೆ.

ನಾವೆಲ್ಲ ಅದನ್ನು ತಪ್ಪಿಸಿಕೊಳ್ಳಲು ಒಂದೊಂದು ಉಪಾಯ ಹುಡುಕಿಕೊಂಡಿದ್ದೆವು. ರಜೆಗೆ ಲೂಕನ್‌ಗೆ ಹೋಗಿ ಅವರ ಜೊತೆಯಲ್ಲೇ ವಾಪಸ್ ಬರುವಾಗ ನಾನು ಡೈರಿ ಬರೆಯುತ್ತಿದ್ದೆ. ಮಾವನ ಮಗಳು ಚಿನ್ನು ಇಲ್ಲೇ ಹುಟ್ಟಿದ ಒಂಬತ್ತು ವರ್ಷದ ಹುಡುಗಿ. ಕನ್ನಡ ಪೂರ್ತಿ ಅರ್ಥವಾದರೂ ಉತ್ತರ ಮಾತ್ರ ಅಪ್ಪಟ ಐರಿಷ್ ರಾಗದ ಇಂಗ್ಲಿಷಿನಲ್ಲಿ. ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದಳು. ಎಲ್ಲರಿಗಿಂತ ಜಾಣೆ ಅತ್ತೆ. ಅಥೈ ಬರುವಷ್ಟರಲ್ಲಿ ತಲೆಯನ್ನು ಕಿಟಕಿಗೆ ಒರಗಿಸಿ ನಿದ್ದೆಹೋಗಿಬಿಡುತ್ತಿದ್ದರು. ಹೆಂಡತಿ ಎದುರಿಗೇ ಮಲಗಿದರೂ ಮಾವನಿಗೆ ಬೇಜಾರಿಲ್ಲ. ರೈಲು ಹೋಗುವ ದಿಕ್ಕಿಗೆ ಬೆನ್ನು ಹಾಕಿ, ಅತ್ತೆಯ ಮುಖಕ್ಕೆ ಮುಖ ಕೊಟ್ಟು ಹೇಳುತ್ತಲೇ ಹೋಗುತ್ತಿದ್ದರು. ಅವರು ಯಾವಾಗಲೂ ಹಿಮ್ಮುಖವಾಗಿಯೇ ಕೂರುವುದನ್ನು ನಾನು ಅವರ ವಿಚಿತ್ರಗಳ ಪಟ್ಟಿಯಲ್ಲಿ ಹನ್ನೊಂದನೆಯದಾಗಿ ಬರೆದಿದ್ದೆ.

ಹನ್ನೆರಡನೆಯದು, ಕಿಲ್ಕೆನ್ನಿ ಬಂದರೆ ಸಾಕು, ಮಾವ ಬಾಯಿ ಮುಚ್ಚುತ್ತಾರೆ. ಅಲ್ಲಿಂದ ವಾಟರ್‌ಫರ್ಡಿನವರೆಗೆ ಚಕಾರ ಎತ್ತುವುದಿಲ್ಲ. ಒಂದು ಸಲ ಕೇಳಿದ್ದಕ್ಕೆ, "ಮುಂದಿಂದು ಬೇರೆ ಕಂಪನಿ ಕಟ್ಟಿದ್ದು. ನಮ್ಮ ಸಿಲಬಸ್‌ಗೆ ಬರಲ್ಲ," ಎಂದುಬಿಟ್ಟರು.

ಕಿಲ್ಕೆನ್ನಿಯ ವಿಷಯ ಬಂತಲ್ಲ, ಅಲ್ಲಿನದೊಂದು ಸೋಜಿಗ ಹೇಳಬೇಕು. ಅಲ್ಲಿ ಹಳಿ ಮುಗಿದುಹೋಗುತ್ತದೆ. ರೈಲು ಮೂತಿ ತೂರಿಸಿ ನಿಲ್ಲುತ್ತದೆ; ಡ್ರೈವರ್ ಇಳಿದು, ಪ್ಲಾಟ್‌ಫಾರ್ಮಿನುದ್ದಕ್ಕೂ ನಡೆದು, ಇನ್ನೊಂದು ತುದಿಯ ಕೋಣೆ ಹತ್ತಿ, ಬಂದ ದಾರಿಯಲ್ಲೇ ಸ್ವಲ್ಪ ದೂರ ಹೋಗಿ, ಆಮೇಲೆ ವಾಟರ್‌ಫರ್ಡಿನ ಕಡೆಗೆ ಹೊರಳುತ್ತಾನೆ. ಇದು ಗೊತ್ತಿಲ್ಲದವರ ಗತಿಯೇನು? ನಾನು ಮೊದಲ ಸಲ ಒಬ್ಬಳೇ ಬಂದಾಗ, ಎರಡು ಸೂಟ್‌ಕೇಸು, ಒಂದು ಕುಕ್ಕರ್ ಜೊತೆಗಿತ್ತು. ಡ್ರೈವರ್ ಹಿಂದಕ್ಕೆ ನಡೆಯುವುದನ್ನು ಕಿಟಕಿಯಲ್ಲಿ ಕಂಡೆ. ಅಯ್ಯೋ, ರೈಲು ವಾಪಸ್ ಡಬ್ಲಿನ್‌ಗೆ ಹೊರಟಿತು ಎಂದು ಸಾಮಾನು ಸಮೇತ ಇಳಿದುಬಿಟ್ಟೆ. ರೈಲು ಹೋಯಿತು. ಮಳೆ ಬಂತು. ಕುಕ್ಕರಿನ ಮೇಲೆ ಕೂತು ಮಾವನಿಗೆ ಫೋನ್ ಮಾಡಿದೆ. ಅವರು ನಗಲಿಲ್ಲ, ಬಯ್ಯಲೂ ಇಲ್ಲ.

"ಅಲ್ಲೇ ಕೂತ್ಕೋ ಮಗು. ಒಳ್ಳೇ ಸ್ಟೇಷನ್‌ನಲ್ಲೇ ಇಳಿದಿದೀಯ. ಅದ್ರ ಕಥೆ ಹೇಳ್ತೀನಿ, ಕೇಳು."

ವಾಟರ್‌ಫರ್ಡ್ ಕಡೆಯಿಂದ ಹಳಿ ಹಾಕುತ್ತಾ ಬಂದವರು ಮೊದಲು ಬಂದು ಊರಬಾಗಿಲಲ್ಲಿ ಸ್ಟೇಷನ್ ಕಟ್ಟಿಕೊಂಡರಂತೆ. ಕಾರ್ಲೋ ಕಡೆಯವರು ಆಮೇಲೆ ಬಂದು ಅದೇ ಹಳಿಗೆ ಸೇರಿಕೊಂಡರಂತೆ. ಎರಡು ಸಂಸಾರಕ್ಕೆ ಒಂದೇ ತಲೆಬಾಗಿಲಾದ್ದರಿಂದ ಒಳಗೆ ಹೋದವರು ಅದೇ ಬಾಗಿಲಲ್ಲಿ ಹೊರಗೆ ಬರಬೇಕಂತೆ. ಮುಂದಿನ ರೈಲು ಬರುವವರೆಗೂ ಫೋನಿನಲ್ಲಿ ಆ ನಲ್ಲಿ ಸುರಿಯುತ್ತಲೇ ಇತ್ತು. ಅಳಬೇಕೆಂದುಕೊಂಡಿದ್ದವಳಿಗೆ ಆಕಳಿಕೆ ಬಂದಿತ್ತು.

ಇಂಥ ಮನುಷ್ಯ ಕಾರು ಕಲಿಯಬೇಕಾಗಿ ಬಂದದ್ದು ಅತ್ತೆಯ ಕೆಲಸದಿಂದ. ಅತ್ತೆ ನರ್ಸು. ಮೈಸೂರಿನಲ್ಲಿ ಮಕ್ಕಳ ವಾರ್ಡಿನಲ್ಲಿದ್ದವರು ಇಲ್ಲಿಗೆ ಬಂದ ಮೇಲೆ ವೃದ್ಧರ ಆರೈಕೆಯ ಮನೆಯೊಂದರಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದರು. ಮಕ್ಕಳ ವಾರ್ಡಿಗೆ ಹೋಗಬೇಕೆಂಬ ಆಸೆ ಮಾತ್ರ ಬಿಟ್ಟಿರಲಿಲ್ಲ. ಹೋದ ಬೇಸಿಗೆಯಲ್ಲಿ ಕಿಲ್ಕೆನ್ನಿಯ ಆಸ್ಪತ್ರೆಯಲ್ಲಿ ಅದೇ ಕೆಲಸ ಸಿಕ್ಕಿತು. ಆದರೆ ಅಲ್ಲಿ ಬಾಡಿಗೆಗೆ ಸಿಕ್ಕ ಒಂದೇ ಒಂದು ಮನೆ ಊರಾಚೆ, ಬಸ್ಸಿಲ್ಲದ ಕಡೆ. ಅತ್ತೆಯ ಹಗಲು ಪಾಳಿ ಶುರುವಾಗುವುದು ಶಾಲೆ ತೆರೆಯುವುದಕ್ಕಿಂತ ಮುಂಚೆ. ಚಿನ್ನುವನ್ನು ಶಾಲೆಗೆ ಬಿಡುವವರು ಯಾರು? ಮಾವನಿಗೆ ಲೈಸೆನ್ಸ್ ಬಂದರೆ ಅತ್ತೆಗೆ ಕೆಲಸ; ಇಲ್ಲದಿದ್ದರೆ ಇಲ್ಲ. ಅಕ್ಟೋಬರ್ ಮುಗಿಯುವುದರೊಳಗೆ ಒಪ್ಪಿಗೆ ತಿಳಿಸಬೇಕಿತ್ತು.

ಅತ್ತೆ ಒತ್ತಾಯ ಮಾಡಲಿಲ್ಲ. "ಆಗ್ಲಿಲ್ಲ ಅಂದ್ರೆ ಬಿಡಿ, ಅಜ್ಜಿ ತಾತಂದಿರು ನಂಗೆ ಅಭ್ಯಾಸ ಆಗಿದಾರೆ," ಎಂದು ಪಾತ್ರೆ ತೊಳೆಯುತ್ತಾ ಹೇಳಿದರು. ಆ ಪಾತ್ರೆಯನ್ನು ಅವರು ಎರಡನೇ ಸಲ ತೊಳೆಯುತ್ತಿದ್ದರು. ಮಾವ ಅದನ್ನು ನೋಡಿದರು.

ಮಾರನೆಯ ದಿನವೇ ಟೆಸ್ಟಿಗೆ ಹೆಸರು ಕೊಟ್ಟರು. ಡಬ್ಲಿನ್ ಸುತ್ತಮುತ್ತ ಕಾಯುವವರ ಸಾಲು ಉದ್ದವೆಂದು ಲೂಕನ್‌ನ ನಮ್ಮ ಜನ ಸಾಲು ಚಿಕ್ಕದಿರುವ ಊರು ಹುಡುಕಿಕೊಂಡು ಹೋಗುವುದುಂಟು. ಮಾವ ಯಾವ ಊರು ಆರಿಸಿರಬಹುದು ಹೇಳಿ? ಆ ಊರಿನ ರಸ್ತೆಗಳಲ್ಲೇ ಅಭ್ಯಾಸ ಮಾಡಬೇಕೆಂದು ಕಿಲ್ಕೆನ್ನಿಯಲ್ಲೇ ಒಬ್ಬ ಮೇಷ್ಟರನ್ನೂ ಗೊತ್ತುಮಾಡಿಕೊಂಡರು. ಹಾಗಾಗಿ ಪ್ರತಿ ಶನಿವಾರ ಮಾವ ತಮ್ಮ ಕಾರನ್ನು ಲೂಕನ್‌ನಲ್ಲೇ ಬಿಟ್ಟು, ಬಸ್ಸು ಹಿಡಿದು, ರೈಲು ಹತ್ತಿ, ಕಾರು ಕಲಿಯಲು ಹೋಗತೊಡಗಿದರು.

ಮುಂದಕ್ಕೆ ಓಡಿಸುವುದು ಬೇಗ ಬಂತು. ಬಾರದೇ ಹೋದದ್ದು ರಿವರ್ಸು. ಇಲ್ಲಿನ ಟೆಸ್ಟಿನಲ್ಲಿ ರಸ್ತೆಯ ಮೂಲೆಯೊಂದನ್ನು ಬಳಸಿಕೊಂಡು ಕಾರನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ ತೋರಿಸಬೇಕು. ಮಾವನ ಕಾರು ಹಿಂದಕ್ಕೆ ಹೊರಟರೆ ಒಂದೋ ಫುಟ್‌ಪಾತ್ ಹತ್ತುತ್ತಿತ್ತು, ಇಲ್ಲವೇ ನಡುರಸ್ತೆಗೆ ಬಂದು ಅಡ್ಡ ನಿಲ್ಲುತ್ತಿತ್ತು. ಆ ಮೇಷ್ಟರಂತೂ ತಾಳ್ಮೆಯ ಕಣಜ. ಮಾವ ಏನು ಮಾಡಿದರೂ "ಗ್ರ್ಯಾಂಡ್, ಗ್ರ್ಯಾಂಡ್" ಎನ್ನುತ್ತಿದ್ದರಂತೆ; ಇಲ್ಲಿಯವರ ಬಾಯಲ್ಲಿ ಅದಕ್ಕೆ ಪರವಾಗಿಲ್ಲ, ಸರಿಯಾಗಿದೆ ಎಂದರ್ಥ. ಯಾರದೋ ಬೇಲಿಗೆ ತಗುಲಿದಾಗ ಮಾತ್ರ ಒಂದೇ ಗ್ರ್ಯಾಂಡ್ ಅಂದರಂತೆ.

ಮೊದಲ ಟೆಸ್ಟಿನ ದಿನ ಪರೀಕ್ಷಕರು ಮೂಲೆಯೊಂದನ್ನು ತೋರಿಸಿ ರಿವರ್ಸ್ ಮಾಡಿ ಎಂದರು. ಮಾವ ಏನು ಮಾಡಿದರು ಗೊತ್ತೇ? ಬೆಲ್ಟು ಬಿಚ್ಚಿದರು, ಇಳಿದರು, ಕಾರಿನ ಹಿಂಭಾಗಕ್ಕೆ ನಡೆದು ಮೂಲೆಯನ್ನು ಸಾವಕಾಶವಾಗಿ ನೋಡಿದರು, ಮತ್ತೆ ನಡೆದುಕೊಂಡು ಬಂದು ಕೂತು ಬೆಲ್ಟು ಹಾಕಿಕೊಂಡರು. ಫೇಲು!

"ಕಿಲ್ಕೆನ್ನಿ ಸ್ಟೇಷನ್‌ನಲ್ಲಿ ಡ್ರೈವರು ದಿನಾ ಇಳಿದು ನಡೀತಾನೆ. ಅವನನ್ನ ಯಾರಾದ್ರೂ ಫೇಲ್ ಮಾಡಿದಾರಾ?" ಎಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದರು.

"ಅವ್ನು ಹೋಗಿ ಆ ಕಡೆ ಕೂರ್ತಾನೆ ರೀ. ನೀವು ಹೋಗಿ ನೋಡ್ಕೊಂಡು ಬಂದ್ರಿ," ಎಂದರು ಅತ್ತೆ.

"ಅದೇ ಕಣೇ ತೊಂದ್ರೆ. ಕಾರಿಗೆ ಆ ಕಡೆ ಇನ್ನೊಂದು ಸ್ಟಿಯರಿಂಗ್ ಇಟ್ಟಿಲ್ಲ."

ಚಿನ್ನು ಹೆಡ್‌ಫೋನ್ ತೆಗೆದು, "ಡ್ಯಾಡ್, ಯು ಸಿಟ್ ಬ್ಯಾಕ್‌ವರ್ಡ್ಸ್ ಆನ್ ದ ಟ್ರೇನ್ ಆಲ್ ದ ಟೈಮ್. ಯೂ ವಿಲ್ ಬಿ ಗ್ರ್ಯಾಂಡ್," ಎಂದುಬಿಟ್ಟಳು. ಅತ್ತೆ ನಕ್ಕರು. ಮಾವ ನಗಲಿಲ್ಲ, ತುತ್ತು ಕೈಯಲ್ಲೇ ಹಿಡಿದು ಯೋಚನೆಗೆ ಬಿದ್ದರು. ಮುಂದಿನ ಶನಿವಾರದಿಂದ ಹೊಸ ಸಾಧನೆ ಶುರುವಾಯಿತು. ರೈಲಿನಲ್ಲಿ ಎಂದಿನಂತೆ ಹಿಮ್ಮುಖವಾಗಿ ಕೂತು, ಮೊಣಕಾಲ ಮೇಲೆ ಊಟದ ತಟ್ಟೆಯೊಂದನ್ನು ಹಿಡಿದು, ಹಳಿ ಎಡಕ್ಕೆ ತಿರುಗಿದರೆ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ ಹೆಗಲ ಮೇಲಿಂದ ನೋಡುತ್ತಾ ತಟ್ಟೆ ತಿರುಗಿಸುವುದು! ಟಿಕೆಟ್ ನೋಡಲು ಬಂದವರು ತಟ್ಟೆ ನೋಡಿ, ಮಾವನನ್ನು ನೋಡಿ, ಟಿಕೆಟ್ ಕೇಳದೆಯೇ ಮುಂದೆ ಹೋದರಂತೆ.

ಎರಡನೇ ಟೆಸ್ಟು ಅಕ್ಟೋಬರಿನ ಕೊನೆಯ ವಾರ ಸಿಕ್ಕಿತು. ಇದೂ ಹೋದರೆ ಅತ್ತೆಯ ಕೆಲಸವೂ ಹೋದಂತೆಯೇ. ಆ ದಿನ ನಾನೂ ರಜೆ ಹಾಕಿ ಹಿಂದಿನ ದಿನವೇ ಲೂಕನ್‌ಗೆ ಹೋಗಿದ್ದೆ. ಅತ್ತೆ ರಾತ್ರಿ ಪಾಳಿ ಮುಗಿಸಿ ನೇರವಾಗಿ ಹ್ಯೂಸ್ಟನ್ ಸ್ಟೇಷನ್ನಿಗೇ ಬಂದರು. ಮುಖ ಬಾಡಿತ್ತು. ಮಾವ ಕರ್ಚೀಫು ಹಾಸಿದರು. ಅತ್ತೆಯನ್ನು ಕಿಟಕಿಯ ಪಕ್ಕ ಮುಂದಕ್ಕೆ ಮುಖ ಮಾಡಿ ಕೂರಿಸಿ, ತಾವು ಎದುರಿಗೆ ಕೂತರು. ಅತ್ತೆಗೆ ಹಿಮ್ಮುಖವಾಗಿ ಕೂತರೆ ತಲೆ ಸುತ್ತುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ.

ಕಿಲ್ಡೇರ್ ದಾಟಿತು. ರೈಲು ವಾಲಿತು. ಮಾವ ಗಂಟಲು ಸರಿಮಾಡಿಕೊಂಡರು.

"ಚೆರಿವಿಲ್ ಬಂತು. ಇಲ್ಲಿಂದ ನಮ್ದು."

ನನಗೆ ರೇಗಿತು. ಇವತ್ತಾದರೂ ರಸ್ತೆ ನಿಯಮದ ಪುಸ್ತಕ ತೆಗೆಯಬಾರದೇ ಎಂದು ಗದರಿದೆ. ಮಾವ ಮಾತು ನಿಲ್ಲಿಸಲಿಲ್ಲ. ಕಣ್ಣಲ್ಲೇ ಅತ್ತೆಯ ಕಡೆ ತೋರಿಸಿದರು. ಅತ್ತೆಯ ರೆಪ್ಪೆ ಭಾರವಾಗುತ್ತಿತ್ತು. ಬ್ಯಾರೋ ನದಿ ಬಂತು, ಮಾವನ ದನಿ ಒಂದು ಮೆಟ್ಟಿಲು ಇಳಿಯಿತು. ದೋಣಿಯವರ ಹೊಟ್ಟೆಗೆ ಹೊಡೆದ ವಿಷಯ ಬಂತು, ಇನ್ನೊಂದು ಮೆಟ್ಟಿಲು. ಅಥೈ ಬಿಡುವಷ್ಟರಲ್ಲಿ ಅತ್ತೆಯ ತಲೆ ಗಾಜಿಗೆ ಒರಗಿತ್ತು. ಮಾವ ಇನ್ನೂ ಸ್ವಲ್ಪ ಹೊತ್ತು, ತುಟಿ ಮಾತ್ರ ಅಲ್ಲಾಡಿಸುವಷ್ಟು ಮೆಲ್ಲಗೆ ಹೇಳುತ್ತಾ ಹೋಗಿ, ಕಾರ್ಲೋದ ಹತ್ತಿರ ವಾಕ್ಯದ ನಡುವೆಯೇ ನಿಲ್ಲಿಸಿದರು. ತಮ್ಮ ಕೋಟು ತೆಗೆದು ಅತ್ತೆಗೆ ಹೊದಿಸಿದರು.

"ಹಗಲು ಹೊತ್ತು ಮಲಗು ಅಂದ್ರೆ ಅವಳಿಗೆ ನಿದ್ದೆ ಬರಲ್ಲ," ಎಂದರು ಮೆಲ್ಲಗೆ. "ಮನೇಲಿದ್ರೆ ಏನಾದ್ರೂ ಕೆಲಸ ಹಚ್ಕೋತಾಳೆ. ಕಾರಾದ್ರೆ ಅವಳೇ ಓಡಿಸ್ಬೇಕು. ಇಲ್ಲೊಂದೇ ಕಡೆ ಮಲಗೋದು. ಮೊದಮೊದ್ಲು ಇಲ್ಲೂ ಮಲಗ್ತಿರ್ಲಿಲ್ಲ. ಅದಕ್ಕೇ ಈ ಕಥೆ ಓದ್ಕೊಂಡೆ."

ನಾನು ಡೈರಿಯನ್ನು ಮುಚ್ಚಿದೆ. ಹನ್ನೊಂದನೆಯದಕ್ಕೂ ಹನ್ನೆರಡನೆಯದಕ್ಕೂ ಇನ್ನು ವಿಚಿತ್ರಗಳ ಪಟ್ಟಿಯಲ್ಲಿ ಜಾಗವಿರಲಿಲ್ಲ. ಕಿಲ್ಕೆನ್ನಿಯಿಂದ ಮುಂದಿನ ಕಥೆ ಏನು ಮಾವ ಎಂದು ಕೇಳಿದೆ.

"ನಂಗೂ ಗೊತ್ತಿಲ್ಲ ಮಗು. ಅಲ್ಲಿವರೆಗೆ ಯಾವತ್ತೂ ಬೇಕಾಗಿಲ್ಲ."

ಅವತ್ತು ಮಾವ ಕಾರಿನಿಂದ ಇಳಿಯಲಿಲ್ಲ. ಹೆಗಲ ಮೇಲಿಂದ ಹಿಂದಕ್ಕೆ ನೋಡುತ್ತಾ, ತಟ್ಟೆ ತಿರುಗಿಸಿದಂತೆ ಸ್ಟಿಯರಿಂಗ್ ತಿರುಗಿಸಿ, ಮೂಲೆಯನ್ನು ಸುತ್ತಿ ಬಂದರು. ಪಾಸು! ಟೆಸ್ಟ್ ಸೆಂಟರಿನ ಬಾಗಿಲಲ್ಲಿ ಕಾಯುತ್ತಿದ್ದ ಅತ್ತೆಗೆ ಕಾಗದ ತೋರಿಸಿದರೆ, ಅವರು ಅದನ್ನು ನೋಡದೆ ಮಾವನ ಕೋಟಿನ ಗುಂಡಿ ಸರಿಮಾಡಿದರು. ಮೇಷ್ಟರು ದೂರದಿಂದ ಮೂರು ಸಲ ಗ್ರ್ಯಾಂಡ್ ಎಂದರು.

ಡಿಸೆಂಬರಿನಲ್ಲಿ ಮನೆ ಬದಲಾಯಿಸಿದರು. ಈಗ ಮಾವ ವಾರಕ್ಕೆರಡು ದಿನ ಕಿಲ್ಕೆನ್ನಿಯಿಂದ ರೈಲಿನಲ್ಲಿ ಡಬ್ಲಿನ್‌ನ ಆಫೀಸಿಗೆ ಹೋಗುತ್ತಾರೆ, ಬೆಳಿಗ್ಗೆ ಚಿನ್ನುವನ್ನು ಶಾಲೆಗೆ ಬಿಡುತ್ತಾರೆ, ಅತ್ತೆಗೆ ನಡುನಡುವೆ ರಾತ್ರಿ ಪಾಳಿ ಬಿದ್ದಾಗ ಬೆಳಿಗ್ಗೆ ಹೋಗಿ ಕರೆತರುತ್ತಾರೆ. ಮೊದಲ ಎರಡು ತಿಂಗಳು ಅತ್ತೆ ಆ ಕಾರಿನಲ್ಲಿ ಕಣ್ಣು ಮಿಟುಕಿಸಲಿಲ್ಲ. ಇಲ್ಲದ ಬ್ರೇಕನ್ನು ಬಲಗಾಲಿನಿಂದ ತುಳಿದು ತುಳಿದು ಕಾಲು ನೋವು ಬಂತೆಂದು ನನಗೆ ಫೋನಿನಲ್ಲಿ ಹೇಳಿದ್ದರು. ಪಕ್ಕದಲ್ಲಿ ಮಾವ ಚೆರಿವಿಲ್‌ನಿಂದ ಶುರುಮಾಡಿದರೂ ಏನೂ ಪ್ರಯೋಜನವಾಗಲಿಲ್ಲ.

ಇವತ್ತು ಬೆಳಿಗ್ಗೆ ಬಂದ ಫೋನು ಥಾಮಸ್‌ಟೌನ್ ಸ್ಟೇಷನ್ನಿನ ಮುಂದಿನಿಂದ. ಅದು ಕಿಲ್ಕೆನ್ನಿಯಿಂದಾಚೆ, ಈ ಹಳಿಯಲ್ಲಿ ಮುಂದಿನ ಸ್ಟೇಷನ್ನು. ಅವರ ಮನೆಯಿರುವುದು ಆ ದಾರಿಯಲ್ಲೇ ಅಲ್ಲ. ಅಲ್ಲಿಗೆ ಯಾಕೆ ಹೋದಿರಿ ಮಾವ ಎಂದೆ.

"ಮೆಲ್ಲಗೆ ಮಾತಾಡು. ನಿಮ್ಮತ್ತೆ ಮಲಗಿದಾಳೆ. ಕಾರಲ್ಲಿ. ನಾನು ಓಡಿಸ್ತಿರೋವಾಗ. ಮನೆಗೆ ಹೋದ್ರೆ ಎದ್ದುಬಿಡ್ತಾಳೆ ಅಂತ ಹಂಗೇ ಮುಂದೆ ಬಂದೆ. ಚಿನ್ನು ಹಿಂದೆ ಹೆಡ್‌ಫೋನ್ ಹಾಕ್ಕೊಂಡು ಕೂತಿದಾಳೆ. ಆದ್ರೆ ಕಥೆ ಮುಗಿದೋಯ್ತು ಕಣೇ. ರೈಲಲ್ಲಿ ನಾನು ನಿಲ್ಲಿಸಿದ್ರೂ ರೈಲು ಸದ್ದು ಮಾಡ್ತಿರತ್ತೆ. ಕಾರಲ್ಲಿ ನಾನೇ ಸದ್ದು."

ಇದೇ ನನಗೆ ಒಪ್ಪಿಸಿದ ಕೆಲಸ. ಕಿಲ್ಕೆನ್ನಿಯಿಂದ ಥಾಮಸ್‌ಟೌನ್ ದಾಟಿ ವಾಟರ್‌ಫರ್ಡಿನವರೆಗಿನ ಹಳಿಯ ಬಗ್ಗೆ, ಯಾರು ಹಾಕಿದರು, ಯಾವ ಸೇತುವೆಗೆ ಎಷ್ಟು ಕಮಾನು, ಈಗ ಮುಚ್ಚಿರುವ ಸ್ಟೇಷನ್ನುಗಳು ಯಾವುವು, ಯಾವ ರೈಲು ಎಲ್ಲಿ ಎಷ್ಟು ಹೊತ್ತು ನಿಲ್ಲುತ್ತಿತ್ತು, ಏನಾದರೂ ತಿಳಿದವರು ದಯವಿಟ್ಟು ನನಗೆ ಬರೆಯಿರಿ. ಎಷ್ಟು ಉದ್ದವಿದ್ದರೂ ಆಗಬಹುದು. ಒಂದೇ ಒಂದು ಬೇಡಿಕೆ: ರೋಚಕವಾಗಿರುವುದು ಏನೂ ಬೇಡ.